ಹಳೆಯ ಧಾಟಿ, ಹೊಸ ಸಿಟ್ಟು

ಯುವಕರ ಬಂಡಾಯವೆಂದರೆ ಹಿರಿಯರ ಕಿವಿಗೆ ಒಗ್ಗದ ಹೊಸ ಸದ್ದು ಎಂಬ ತಿಳಿವಳಿಕೆ ರಾಕ್ ಸಂಗೀತದ ಜೊತೆಗೆ ನಮ್ಮಲ್ಲಿಗೂ ಬಂದಿದೆ. ಬೀದರಿನ ಗಡಿಗೆ ಅಂಟಿಕೊಂಡ ತೆಲಂಗಾಣದ ನಾಗಲಗಿದ್ದ, ನಾರಾಯಣಖೇಡ, ಜಹೀರಾಬಾದ್ ಸೀಮೆಯಲ್ಲಿ ನಿಂತು ನೋಡಿದರೆ ಈ ಮಾತು ನಿಲ್ಲುವುದಿಲ್ಲ. 2016ರವರೆಗೆ ಈ ಊರುಗಳಿದ್ದ ಮೇದಕ ಜಿಲ್ಲೆಯ ತೂಪ್ರಾನಿನಲ್ಲೇ ಗುಮ್ಮಡಿ ವಿಠ್ಠಲರಾವ್, ಅಂದರೆ ಗದ್ದರ್, ಹುಟ್ಟಿದ್ದು. ಎಪ್ಪತ್ತರ ದಶಕದಲ್ಲಿ ಜನನಾಟ್ಯ ಮಂಡಳಿಯ ಈ ತರುಣ ಹೆಗಲಿಗೆ ಕಂಬಳಿ, ಕೈಗೆ ಕೋಲು ಹಿಡಿದು ಹಳ್ಳಿಯವರಿಗೆ ಮೊದಲೇ ಗೊತ್ತಿದ್ದ ಧಾಟಿಗಳಲ್ಲೇ ಜಮೀನ್ದಾರಿಕೆಯನ್ನು ಎದುರಿಸಿದರು. ಕನ್ನಡದಲ್ಲೂ ಇದೇ ಆಯಿತು. ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ ಸಿದ್ಧಲಿಂಗಯ್ಯನವರಿಗೆ ಇಪ್ಪತ್ತೊಂದರ ಆಸುಪಾಸು. ಆ ಕವಿತೆಗಳು ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಕೊರಳಿಂದ ಕೊರಳಿಗೆ ದಾಟಿದವು. ಅದಕ್ಕೂ ಹಿಂದೆ ಕಲಬುರಗಿ ಸೀಮೆಯಲ್ಲಿ ಕಡಕೋಳ ಮಡಿವಾಳಪ್ಪ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರು ಭಜನೆಯ ತತ್ವಪದದಲ್ಲೇ ಜಾತಿಯನ್ನು ಕೆಣಕಿದ್ದರು. ನಮ್ಮ ಹಾಡಿನ ಬಂಡಾಯವನ್ನು ಅಳೆಯಬೇಕಾದದ್ದು ಸದ್ದಿನ ಹೊಸತನದಿಂದಲ್ಲ, ಅದು ಯಾರಿಗೆ ಎದುರಾಡುತ್ತದೆ ಎಂಬುದರಿಂದ.

ಹಳೆಯ ಧಾಟಿಗೆ ಜೋತುಬೀಳುವುದೇ ಶರಣಾಗತಿಯಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಹಲಗೆ ಬಾರಿಸುವುದು ಜಾತಿ ಹೊರಿಸಿದ ಬಿಟ್ಟಿ ಚಾಕರಿ, ಅದನ್ನು ಬಿಡಬೇಕೆಂಬ ಕೂಗು ದಲಿತ ಚಳವಳಿಯೊಳಗೇ ಇತ್ತು. ಆದರೆ ಸಾವಿಗೂ ಜಾತ್ರೆಗೂ ಊರವರ ಅಪ್ಪಣೆಯಂತೆ ಬಡಿಯುತ್ತಿದ್ದ ಹಲಗೆ ಮೆರವಣಿಗೆಯ ಮುಂದೆ ಸ್ವಂತ ಇಚ್ಛೆಯಿಂದ ಮೊಳಗಿದಾಗ ಅಪ್ಪಣೆ ಕೊಡುವವರೇ ಬದಲಾಗಿದ್ದರು. ಧಾಟಿ ಪರಿಚಿತವಾಗಿದ್ದುದರಿಂದಲೇ ಓದು ಬಾರದವರೂ ಎರಡನೇ ಸಲಕ್ಕೆ ದನಿಗೂಡಿಸಿದರು. ಶಿಶುನಾಳ ಶರೀಫರ ಪದಗಳ ಗತಿ ಬೇರೆ. ಸಿ. ಅಶ್ವತ್ಥ್ ಅವುಗಳನ್ನು ಕ್ಯಾಸೆಟ್ಟಿಗೆ, ರಘು ದೀಕ್ಷಿತ್ ಗಿಟಾರಿಗೆ ತಂದರು. ಹಾಡು ದೂರ ಹೋಯಿತು, ಕೇಳುಗ ಮಾತ್ರ ಕುರ್ಚಿಯಲ್ಲೇ ಉಳಿದ. ಅದು ನಷ್ಟವೇ ಸರಿ.

ಹಾಗೆಂದು ರ‍್ಯಾಪ್ ಹೊರಗಿನದೆಂದು ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ಗದ್ದರ್ ಎಂಬ ಹೆಸರೇ 1913ರಲ್ಲಿ ಅಮೆರಿಕದಲ್ಲಿ ಪಂಜಾಬಿ ವಲಸಿಗರು ಕಟ್ಟಿದ ಗದರ್ ಪಕ್ಷದಿಂದ ಬಂದದ್ದು. ಸಿನಿಮಾ ನಿರ್ದೇಶಕ ಪಾ. ರಂಜಿತ್ ಬೆಂಬಲದ ಚೆನ್ನೈನ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತಂಡ ಗಾನಾ ಹಾಡನ್ನೂ ರ‍್ಯಾಪನ್ನೂ ಬೆಸೆದು ಜಾತಿಯನ್ನು ನೇರವಾಗಿ ಹೆಸರಿಟ್ಟು ಕರೆಯಿತು. ಕನ್ನಡದ ಜನಪ್ರಿಯ ರ‍್ಯಾಪಿನಲ್ಲಿ ಬಹುಪಾಲು ಸೋಲುವುದು ಇಲ್ಲಿಯೇ. ಕುಡಿತ, ಗೆಳೆತನ, ತನ್ನ ಬಗೆಗಿನ ಹೆಮ್ಮೆ ಎಲ್ಲವೂ ಇದೆ. ಎದುರಾಳಿ ಮಾತ್ರ ಹೆಸರಿಲ್ಲದ ‘ಜನ’.

ಹೋರಾಟದ ಹಾಡಿಗೂ ಅದರದೇ ಕಟ್ಟುಪಾಡು ಬೆಳೆಯಿತು. ‘ನಾವು’ ಎಂಬ ದನಿ ‘ನಾನು’ ಎಂಬುದನ್ನು ನುಂಗಿತು. ಹಸಿವು, ಕೂಲಿ, ಭೂಮಿ ಬಂದವು. ಮನೆಯೊಳಗಿನ ಯಜಮಾನಿಕೆ ಅಷ್ಟಾಗಿ ಬರಲಿಲ್ಲ. ತೆಲಂಗಾಣದಲ್ಲಿ ವಿಮಲಕ್ಕನಂಥವರು ಮುಂದೆ ನಿಂತು ಹಾಡಿದರೂ ಕನ್ನಡದ ಜಾಥಾಗಳಲ್ಲಿ ಹೆಣ್ಣಿನ ದನಿ ಹೆಚ್ಚಾಗಿ ಪಲ್ಲವಿಗೆ ಸೇರುವ ದನಿಯಾಗಿಯೇ ಉಳಿಯಿತು. ರ‍್ಯಾಪ್ ‘ನಾನು’ವನ್ನು ಮರಳಿ ತಂದಿದೆ, ಅದು ಸಣ್ಣ ಸಂಗತಿಯಲ್ಲ. ಆದರೆ ಅತ್ತೆಯನ್ನು, ಗಂಡನನ್ನು, ಕೊಟ್ಟ ಮನೆಯನ್ನು ಪ್ರಶ್ನಿಸುವ ‘ನಾನು’ ಹೆಂಗಸರ ಬೀಸುವ ಪದಗಳಲ್ಲಿ ಮೊದಲೇ ಇತ್ತು. ಆ ಧಾಟಿಯನ್ನು ಜಾಥಾದವರು ತಮ್ಮ ಹಾಡಿಗೆ ಸಾಲ ಪಡೆದದ್ದು ಕಡಿಮೆ; ರ‍್ಯಾಪರ್‌ಗಳು ಅದರ ಕಡೆ ಇನ್ನೂ ಕಿವಿಗೊಟ್ಟಿಲ್ಲ.