ಹಾಡು ಬೇಕು, ಹಾಡುವವಳು?

ಗಣಪತಿಯನ್ನು ಬಿಡುವ ಹಿಂದಿನ ರಾತ್ರಿ ನಮ್ಮ ಉಬ್ರಾಣಿಯಲ್ಲಿ ಮಕ್ಕಳ ಕುಣಿತದ ಸ್ಪರ್ಧೆಯೊಂದಿತ್ತು. ಕನ್ನಡ ಪಾಠ ಹೇಳುವವನಿಗೆ ಸಕಲ ಕಲೆಗಳೂ ತಿಳಿದಿರಲೇಬೇಕೆಂಬ ನಂಬಿಕೆಯಿಂದ ಊರಿನವರು ನನ್ನನ್ನು ತೀರ್ಪುಗಾರನ ಕುರ್ಚಿಯಲ್ಲಿ ಕೂರಿಸಿದರು. ಎಂಟು ಹುಡುಗಿಯರ ತಂಡವೊಂದು 'ಟಿಣಿಂಗ ಮಿಣಿಂಗ ಟಿಶ್ಯಾ' ಹಾಡಿಗೆ ಕುಣಿಯಿತು. ಮುಖಕ್ಕೂ ಕೈಗಳಿಗೂ ಮಸಿ, ಸೊಂಟಕ್ಕೆ ಮಾವಿನ ಸೊಪ್ಪು. ಜನ ಶಿಳ್ಳೆ ಹಾಕಿದರು. ನಾನೂ ನಕ್ಕೆ, ಮೊದಲ ಬಹುಮಾನವನ್ನೂ ಕೊಟ್ಟೆ. ಕೊಡುವಾಗ, ಮುಂದಿನ ಸಾಲಿನ ನಡುವೆ ನಿಂತಿದ್ದವಳಿಗೆ, "ಎಲ್ಲರ ಬಣ್ಣವೂ ಬೆವರಿಗೆ ಇಳಿಯಿತು, ನಿನ್ನದು ಮಾತ್ರ ಹಾಗೇ ಇದೆಯಲ್ಲ" ಎಂದೆ. "ನಂಗೆ ಮಸಿ ಬೇಡ ಅಂದ್ರು ಸಾರ್" ಎಂದಳು.

ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ನಿಂತದ್ದು ಅದೇ ಮೊದಲೆಂದು ಸಂತೋಷದಿಂದಲೇ ಹೇಳಿದಳು. ನನ್ನ ಮನಸ್ಸಿಗೆ ಮುಳ್ಳಾದದ್ದು ಆ ಸಂತೋಷವೇ. ಮನೆಗೆ ಬಂದವನಿಗೆ ನಿದ್ದೆ ಬರಲಿಲ್ಲ. ನಾನು ಬಹುಮಾನ ಕೊಟ್ಟದ್ದು ಕುಣಿತಕ್ಕೋ, ಮಸಿಗೋ?

ಆ ಹಾಡು ದುನಿಯಾ ವಿಜಯ್ ನಿರ್ದೇಶಿಸಿ ನಟಿಸಿದ 'ಸಲಗ' ಚಿತ್ರದ್ದು. ಚಿತ್ರ 2021ರಲ್ಲಿ ತೆರೆ ಕಂಡಿತು. ಸಂಗೀತ ಚರಣ್‌ರಾಜ್ ಅವರದು. ಹಾಡಿದವರಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಮೊದಲಾದ ಉತ್ತರ ಕನ್ನಡದ ಸಿದ್ದಿ ಕಲಾವಿದರಿದ್ದಾರೆ. ಈ ಜನರ ಪೂರ್ವಿಕರನ್ನು ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಹೊಕ್ಕರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಸುತ್ತ ನೆಲೆಸಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಸರ್ಕಾರ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ಶತಮಾನಗಳಿಂದ ಈ ನೆಲದಲ್ಲಿರುವವರನ್ನು ಇಂದಿಗೂ ಪೇಟೆಯಲ್ಲಿ "ಯಾವ ದೇಶದವರು?" ಎಂದು ಕೇಳುವವರುಂಟು.

ಚಿತ್ರದವರ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಅವರು ಯಾರ ಮುಖಕ್ಕೂ ಮಸಿ ಬಳಿಯಲಿಲ್ಲ. ಸಿದ್ದಿಯರ ಹಾಡನ್ನು ಸಿದ್ದಿಯರಿಂದಲೇ ಹಾಡಿಸಿದರು. ಕನ್ನಡದ ಜನಪ್ರಿಯ ಸಂಗೀತದಲ್ಲಿ ಇದು ಸಣ್ಣ ಮಾತಲ್ಲ. ಆದರೂ ಅದು ಚಿತ್ರದ ಪ್ರಚಾರಗೀತೆಯಾಗಿ ಬಂದ ಹಾಡು. ಪ್ರಚಾರಗೀತೆಯೆಂದರೆ ಮನೆಯ ಮುಂದಿನ ವಾದ್ಯವಿದ್ದಂತೆ. ಅದು ಜನರನ್ನು ಕರೆಯುತ್ತದೆ, ನಡುಮನೆಗೆ ಬರುವುದಿಲ್ಲ. ಸಿದ್ದಿ ಹೆಣ್ಣೊಬ್ಬಳ ಕಷ್ಟ ಸುಖ, ಹಟ, ಪ್ರೇಮಗಳನ್ನು ಎರಡೂವರೆ ಗಂಟೆಯ ಕಥೆಯಾಗಿ ಹೇಳುವ ಧೈರ್ಯವನ್ನು ನಮ್ಮ ದೊಡ್ಡ ನಾಯಕರ ಚಿತ್ರಗಳು ತೋರಿದ್ದನ್ನು ನಾನಂತೂ ನೋಡಿಲ್ಲ. ಅವಳ ತಾಳ ನಮಗೆ ಬೇಕು. ಅವಳ ಕಥೆ ಸದ್ಯಕ್ಕೆ ಬೇಡ.

ಇದು ಇಂದಿನ ರೋಗವೆಂದುಕೊಳ್ಳಬೇಡಿ. ರಾಘವಾಂಕನ 'ಹರಿಶ್ಚಂದ್ರಕಾವ್ಯ'ದಲ್ಲಿ ಇಬ್ಬರು ಅನಾಮಿಕೆಯರು ಅರಸನ ಮುಂದೆ ಹಾಡುತ್ತಾರೆ. ಅರಸ ಮೆಚ್ಚಿ ಒಡವೆ ಕೊಡಬರುತ್ತಾನೆ. ಅವರು ಬೆಳ್ಗೊಡೆಯನ್ನು ಕೇಳುತ್ತಾರೆ. ಆಗದೆಂದರೆ, ನಮಗೆ ಗಂಡನಾಗು ಎನ್ನುತ್ತಾರೆ. ಅವನು ಕುಲದ ಮಾತೆತ್ತುತ್ತಾನೆ. ಆಗ ಆ ಹೆಣ್ಣುಗಳು ಹೂಡುವ ವಾದವನ್ನು ಎಷ್ಟು ಸಲ ಪಾಠ ಹೇಳಿದರೂ ನನಗೆ ಬೇಸರ ಬಂದಿಲ್ಲ: ನಮ್ಮ ಹಾಡನ್ನು ಕೇಳಿದ ಕಿವಿಗೆ ಮೈಲಿಗೆಯಾಗಲಿಲ್ಲ, ನಮ್ಮ ರೂಪವನ್ನು ಕಂಡ ಕಣ್ಣಿಗೆ ಮೈಲಿಗೆಯಾಗಲಿಲ್ಲ, ಮುಟ್ಟುವ ಕೈಗೆ ಮಾತ್ರ ಹೇಗಾಯಿತು? ಸತ್ಯಸಂಧನೆನಿಸಿದ ಅರಸನ ಬಳಿ ಇದಕ್ಕೆ ತಕ್ಕ ಉತ್ತರವಿಲ್ಲ. ಅವನು ರಾಜ್ಯವನ್ನೇ ಬಿಟ್ಟುಕೊಡುತ್ತಾನೆ, ಅವರನ್ನು ಮಾತ್ರ ಒಪ್ಪುವುದಿಲ್ಲ. ಅಲ್ಲಿ ಅಡ್ಡ ಬಂದದ್ದು ಕುಲ, ಇಲ್ಲಿ ಬಣ್ಣ, ಹೊಸಿಲು ಒಂದೇ.

ದೂರದ ದೇಶಗಳಲ್ಲಿಯೂ ಇದೇ ಕಥೆ. ಅಮೆರಿಕದ ಬಿಳಿಯರು ಹತ್ತೊಂಬತ್ತನೆಯ ಶತಮಾನದಲ್ಲಿ ಸುಟ್ಟ ಬೆಂಡಿನ ಮಸಿ ಬಳಿದುಕೊಂಡು ಕರಿಯರಂತೆ ಹಾಡಿ ಕುಣಿದು ಹಣ ಮಾಡಿದರು. ಅಲ್ಲಿಂದ ಹೋದ ಜೋಸೆಫಿನ್ ಬೇಕರ್ 1926ರಲ್ಲಿ ಪ್ಯಾರಿಸ್ಸಿನ ರಂಗದ ಮೇಲೆ ಬಾಳೆಹಣ್ಣಿನ ಲಂಗ ತೊಟ್ಟು ಕುಣಿದಾಗ ಜಗತ್ತು ಮರುಳಾಯಿತು. ಅದೇ ಬೇಕರ್ 1963ರಲ್ಲಿ ವಾಷಿಂಗ್‌ಟನ್ನಿನ ಮಹಾಮೆರವಣಿಗೆಯಲ್ಲಿ ಸಮವಸ್ತ್ರ ತೊಟ್ಟು ನಿಂತು ಸಮಾನತೆಗಾಗಿ ಮಾತನಾಡಿದಳು. ಅವಳ ಹೆಸರು ಹೇಳಿದರೆ ಇಂದಿಗೂ ಬಹುಮಂದಿಗೆ ನೆನಪಾಗುವುದು ಬಾಳೆಹಣ್ಣು. ನಮ್ಮೂರಿನ ಮಾವಿನ ಸೊಪ್ಪು ಅದರ ದೂರದ ನೆಂಟನೆಂದು ನನಗೆ ಆಗ ಹೊಳೆಯಲಿಲ್ಲ.

ಹಾಗೆಂದು ಕನ್ನಡಿಗರಿಗೆ ಕಪ್ಪಿನ ಮೇಲೆ ಹುಟ್ಟುದ್ವೇಷವಿದೆಯೆ? ಕರಿಯಮ್ಮನಿಗೆ ಹಣ್ಣುಕಾಯಿ ಮಾಡಿಸುವವರು ನಾವು. ದ್ರೌಪದಿಗೆ ಕೃಷ್ಣೆಯೆಂಬ ಹೆಸರು ಬಂದದ್ದೇ ಮೈಬಣ್ಣದಿಂದ. ಗುಡಿಯಲ್ಲಿಯೂ ಕಾವ್ಯದಲ್ಲಿಯೂ ಒಪ್ಪಿದ ಬಣ್ಣ ವಧುಪರೀಕ್ಷೆಯ ಚಾಪೆಯ ಮೇಲೆ ಏಕೆ ಒಪ್ಪಿಗೆಯಾಗುವುದಿಲ್ಲ? ಸಿನಿಮಾ ಹಾಡು ನಾಯಕಿಯನ್ನು ಹಾಲಿಗೆ, ಬೆಳದಿಂಗಳಿಗೆ ಹೋಲಿಸಿ ಹೋಲಿಸಿ ನಮ್ಮ ಕಣ್ಣನ್ನು ತಿದ್ದಿಟ್ಟಿದೆ. ಧಾರಾವಾಹಿಗೆ ಕಪ್ಪು ಹುಡುಗಿ ಬೇಕಾದರೆ ಬಿಳಿಯ ನಟಿಗೆ ಬಣ್ಣ ಬಳಿಯುವ ಪದ್ಧತಿಯೂ ಉಂಟು. ಮುಖಕ್ಕೆ ಹಚ್ಚುವ 'ಫೇರ್ ಅಂಡ್ ಲವ್ಲಿ' 2020ರಲ್ಲಿ ತನ್ನ ಹೆಸರಿನ ಮೊದಲ ಮಾತನ್ನು ಬದಲಾಯಿಸಿಕೊಂಡಿತು. ಹೆಸರು ಬದಲಾದಷ್ಟು ಸುಲಭವಾಗಿ ಕಣ್ಣು ಬದಲಾಗುವುದಿಲ್ಲ.

ಬೇರೊಂದು ದಾರಿಯೂ ಕನ್ನಡದಲ್ಲಿಯೇ ಇದೆ. 1980ರ ದಶಕದಲ್ಲಿ ನೀನಾಸಂ ಬಳಗದ ಚಿದಂಬರರಾವ್ ಜಂಬೆಯವರು ಮಂಚಿಕೇರಿಯ ಸಿದ್ದಿಯರಿಂದ ನೈಜೀರಿಯದ ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯನ್ನು ನಾಟಕವಾಗಿ ಆಡಿಸಿದರು. ಅಲ್ಲಿ ಕಪ್ಪು ಜನ ತಾಳ ಹಾಕಲು ಮಾತ್ರ ಬರಲಿಲ್ಲ. ಅವರಿಗೆ ಹೆಸರಿತ್ತು, ಮನೆಯಿತ್ತು, ಜಗಳವಿತ್ತು, ಸಾವಿತ್ತು. ಮುಂದೆ ಗಿರಿಜಾ ಸಿದ್ದಿಯವರಂಥ ಹೆಣ್ಣುಮಕ್ಕಳು ನೀನಾಸಂನಲ್ಲಿಯೇ ಕಲಿತು ರಂಗಕ್ಕೆ ಬಂದರು. ವೇಷ, ತಾಳ, ಬೆಳಕುಗಳನ್ನು ಅಳೆಯುವ ನಮ್ಮ ವಿಮರ್ಶೆಗೆ ಇದಕ್ಕಿಂತ ನೇರವಾದ ಅಳತೆಗೋಲು ಬೇಕಿಲ್ಲ: ಹಾಡು ಮುಗಿದ ಮೇಲೆ ಹಾಡಿದವಳಿಗೆ ಕಥೆಯೊಳಗೆ ಜಾಗವುಂಟೇ?

ಹೆಸರಿನ ಬೆಲೆ ನಮ್ಮ ತಾಲ್ಲೂಕಿಗೆ ಗೊತ್ತಿರಬೇಕು. ಸೂಳೆಕೆರೆಗೆ ನೆಲ ಬಿಟ್ಟುಕೊಟ್ಟ ಹೆಣ್ಣುಗಳು ತಮ್ಮ ಹೆಸರು ಕೆರೆಗೆ ಇರಲಿ ಎಂದು ಕೇಳಿದರೆಂದು ಐತಿಹ್ಯ. ಇಂದು ಆ ಮಾತನ್ನಾಡಲು ನಾಚಿ ಶಾಂತಿಸಾಗರ ಎನ್ನುತ್ತೇವೆ. ನೀರು ಮಾತ್ರ ಅದೇ.

ಈ ವರ್ಷವೂ ಊರಿನ ಹುಡುಗರು ತೀರ್ಪು ಹೇಳಲು ಕರೆದಿದ್ದಾರೆ. ಯಾರೂ ಮಸಿ ಬಳಿದುಕೊಳ್ಳುವುದಿಲ್ಲವೆಂದರೆ ಬರುತ್ತೇನೆ ಎಂದಿದ್ದೇನೆ; ಒಪ್ಪಿದ್ದಾರೆ. ಹಾಗಾದರೆ ಆ ಹುಡುಗಿ ಯಾವ ಸಾಲಿನಲ್ಲಿ ನಿಲ್ಲುತ್ತಾಳೆ ಎಂಬುದನ್ನು ನಾನು ಮೊದಲು ನೋಡುತ್ತೇನೆ, ಕುಣಿತವನ್ನು ಆಮೇಲೆ.