ನವಲಿ ದಾರಿಯ ರಾಡಿ ಮತ್ತು ನಮ್ಮ ಚಾಲನೆ

ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾಯಿತೆಂದರೆ ಗಂಗಾವತಿ, ಕಾರಟಗಿ ಕಡೆಯ ಡಾಂಬರು ರಸ್ತೆ ಅರ್ಧ ಗದ್ದೆಯಾಗುತ್ತದೆ. ಕೇಜ್‌ವೀಲ್ ಕಟ್ಟಿದ ಟ್ರ್ಯಾಕ್ಟರು ಒಂದು ಗದ್ದೆಯಿಂದ ಇನ್ನೊಂದಕ್ಕೆ ರಸ್ತೆ ಮೇಲೆಯೇ ಸಾಗುತ್ತದೆ. ಹೆಂಟೆಗಟ್ಟಲೆ ಎರೆಮಣ್ಣು ಉದುರುತ್ತದೆ, ಕಬ್ಬಿಣದ ಪಟ್ಟಿಗೆ ಡಾಂಬರು ಕಿತ್ತು ಬರುತ್ತದೆ. ಅದರ ಮೇಲೆ ಜಿಟಿಜಿಟಿ ಮಳೆ ಬಿತ್ತೋ, ಹಿಮದ ನಾಡಿನ ರಸ್ತೆಗೂ ನವಲಿಯ ದಾರಿಗೂ ಹೆಚ್ಚು ಅಂತರ ಉಳಿಯುವುದಿಲ್ಲ. ಜೋರು ಮಳೆಯಾದರೆ ರಾಡಿ ತೊಳೆದು ಹೋಗುತ್ತದೆ. ಸಣ್ಣ ಮಳೆಯೇ ಅಪಾಯ. ನೀರು ಕುಡಿದು ಉಬ್ಬಿದ ಜೇಡಿ ಟೈರಿನ ಸಂದುಗಳಲ್ಲಿ ತುಂಬಿ, ಹೊಸ ಟೈರನ್ನೂ ಬೋಳು ಮಾಡುತ್ತದೆ.

ಇಂಥ ರಸ್ತೆಯಲ್ಲಿ ನಮ್ಮವರ ಚಾಲನೆ ಹೇಗಿದೆ? ಹೊರಡಿಸುವ ವಿದ್ಯೆಯಲ್ಲಿ ಅವರು ಪಳಗಿದ್ದಾರೆ. ಎರಡನೇ ಗೇರಿನಲ್ಲಿ ಮೆಲ್ಲಗೆ ಎತ್ತುವುದು, ಆಕ್ಸಿಲೇಟರ್ ಒಂದೇ ಹದದಲ್ಲಿ ಹಿಡಿಯುವುದು, ಖಾಲಿ ಪಿಕಪ್ಪಿನ ಹಿಂದೆ ನಾಲ್ಕು ಚೀಲ ಹೇರಿಕೊಳ್ಳುವುದು ಇವೆಲ್ಲ ಅನುಭವದಿಂದ ಬಂದ ಜಾಣತನ. ಹಿಂಗಾಲಿಗೆ ಶಕ್ತಿ ಹೋಗುವ ಗಾಡಿ ಖಾಲಿಯಿದ್ದಾಗ ಹಿಂಭಾಗ ಹಗುರಾಗಿ ಬಾಲ ತಿರುಗುತ್ತದೆ. ಸ್ವಿಫ್ಟ್‌ನಂಥ ಕಾರಿನಲ್ಲಿ ಎಂಜಿನ್ನಿನ ಭಾರ ಎಳೆಯುವ ಮುಂದಿನ ಗಾಲಿಗಳ ಮೇಲೆಯೇ ಇರುವುದರಿಂದ ಎತ್ತುವಾಗ ಹಿಡಿತ ಚೆನ್ನ. ಆದರೆ ಆ ಗಾಲಿ ಜಾರಿದರೆ ಸ್ಟೇರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಆಗ ಮಾಡಬೇಕಾದ್ದು ಆಕ್ಸಿಲೇಟರ್ ಬಿಟ್ಟು, ಗಾಲಿ ನೆಲ ಹಿಡಿಯುವವರೆಗೆ ಕಾಯುವುದು. ಪಿಕಪ್ಪಿನ ಬಾಲ ಎಡಕ್ಕೆ ಹೊರಳಿದರೆ ಸ್ಟೇರಿಂಗನ್ನೂ ಅಷ್ಟೇ ಎಡಕ್ಕೆ ತಿರುಗಿಸಬೇಕು. ಎರಡೂ ಸಂದರ್ಭದಲ್ಲಿ ಗಟ್ಟಿ ಬ್ರೇಕ್ ತುಳಿಯುವುದೇ ಕೇಡು.

ನನ್ನ ತಕರಾರು ಇರುವುದು ಗಾಡಿಯನ್ನು ಅಳೆಯುವ ನಮ್ಮ ರೀತಿಯ ಬಗ್ಗೆ. ರಾಡಿಯಿಂದ ಎದ್ದು ಬಂದ ಗಾಡಿಗೆ ಹೊಗಳಿಕೆ. ಅದು ಎಲ್ಲಿ ನಿಲ್ಲುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾಲ್ಕೂ ಗಾಲಿಗೆ ಶಕ್ತಿ ಕೊಡುವ ಜೀಪು ಬೇಗ ಹೊರಡುತ್ತದೆ ನಿಜ, ಆದರೆ ಬ್ರೇಕ್ ಹಾಕುವಾಗ ಅದೂ ಉಳಿದ ಗಾಡಿಗಳಂತೆಯೇ. ಒಣ ಡಾಂಬರಿನ ಮೇಲೆ 40 ಕಿ.ಮೀ. ವೇಗದ ಗಾಡಿ ಬ್ರೇಕ್ ಹಿಡಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಲ್ಲುತ್ತದೆ. ಹಿಡಿತ ಕಾಲುಭಾಗಕ್ಕೆ ಇಳಿದರೆ ಅದೇ ಗಾಡಿಗೆ 36 ಮೀಟರ್ ಬೇಕು. ವೇಗವನ್ನು 20ಕ್ಕೆ ಇಳಿಸಿದರೆ ಮತ್ತೆ 9 ಮೀಟರ್ ಸಾಕು. ಯಾವ ಕಂಪನಿಯ ಯಾವ ಗಾಡಿಯೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರದು. ಎಬಿಎಸ್ ಇದ್ದರೆ ಸ್ಟೇರಿಂಗ್ ಕೈಗೆ ಸಿಗುತ್ತದೆ. ಸಡಿಲ ಮಣ್ಣಿನ ಮೇಲೆ ನಿಲ್ಲುವ ದೂರ ಕೆಲವೊಮ್ಮೆ ಹೆಚ್ಚುವುದೂ ಉಂಟು.

ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಟ್ರ್ಯಾಕ್ಟರು. ಅದರ ಎಡ, ಬಲ ಹಿಂಗಾಲಿಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತವೆ. ಹೊಲದಲ್ಲಿ ಗಕ್ಕನೆ ತಿರುಗಿಸಲು ಅದು ಬೇಕೇ ಬೇಕು. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಜೋಡಿಸಬೇಕು. ಜೋಡಿಸದೆ ಒಂದನ್ನೇ ತುಳಿದರೆ ಗಾಡಿ ಒಂದೇ ಬದಿಗೆ ಎಳೆದು ಮಗುಚಬಹುದು. ಬ್ರೇಕಿಲ್ಲದ ಟ್ರೇಲರ್ ತುಂಬ ಭತ್ತವಿದ್ದರಂತೂ ಅದು ಹಿಂದಿನಿಂದ ನೂಕುತ್ತಲೇ ಇರುತ್ತದೆ. ಅದರ ಮೇಲೆ ಆಳುಗಳನ್ನು ಕೂರಿಸಿಕೊಂಡು ಇಳಿಜಾರು ಇಳಿಸುವ ರೂಢಿಯನ್ನು ನಾನು ಯಾವ ಬಡತನದ ನೆಪಕ್ಕೂ ಒಪ್ಪಲಾರೆ.

ರಸ್ತೆ ಮೇಲಿನ ರಾಶಿಯ ವಿಷಯದಲ್ಲಿ ಮಾತ್ರ ನನ್ನ ಮಾತು ಅಷ್ಟು ಬಿರುಸಾಗದು. ಹರವಿದ ಭತ್ತದ ಕಾಳಿನ ಮೇಲೆ ಬೈಕು ಜಾರುತ್ತದೆ. ಹುರುಳಿ ಹೊಟ್ಟು ಕಾರಿನಡಿ ಸುತ್ತಿಕೊಂಡು ಬೆಂಕಿ ಹತ್ತುತ್ತದೆ. ರಾತ್ರಿ ರಾಶಿ ಸುತ್ತ ಇಟ್ಟ ಕಲ್ಲು ಕಾಣುವುದಿಲ್ಲ. ಆದರೂ ಕಣ ಇಲ್ಲದ ರೈತ ಒಣಗಿಸುವುದೆಲ್ಲಿ? ಅಂಗೈಯಗಲ ಹೊಲಕ್ಕೂ ನೀರು ಹರಿಸಿ ಎರಡು ಬೆಳೆ ತೆಗೆಯುವ ಸೀಮೆಯಲ್ಲಿ ಕಣಕ್ಕೆ ಜಾಗ ಉಳಿದಿಲ್ಲ. ಊರಿಗೊಂದು ಸಾಮೂಹಿಕ ಕಣ ಕಟ್ಟದೆ ಪೊಲೀಸರಿಂದ ಎಚ್ಚರಿಕೆ ಕೊಡಿಸುವುದು ಅರ್ಧ ಕೆಲಸ.

ಹಿಮದ ನಾಡಿನಲ್ಲಿ ಜಾರುವ ರಸ್ತೆಗೆ ನಿಯಮವೇ ಇದೆ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ.  ಹಿಮ ತಳ್ಳುವ ಹೊಣೆ ಆಡಳಿತದ್ದು. ನಮ್ಮಲ್ಲಿ ರೀಸೋಲ್ ಟೈರು ನಾಟಿ ದಿನಗಳಲ್ಲೂ ನಡೆಯುತ್ತದೆ, ಬಿದ್ದ ಮಣ್ಣನ್ನು ಯಾರೂ ಗುಡಿಸುವುದಿಲ್ಲ. ಕೇಜ್‌ವೀಲ್ ಬಿಚ್ಚಿ ಟ್ರೇಲರಿನಲ್ಲಿ ಹೇರಿಕೊಂಡು ಹೋಗಲು ಸ್ವಲ್ಪ ಹೊತ್ತು, ಒಂದು ಸ್ಪ್ಯಾನರ್ ಸಾಕು. ಬಾಡಿಗೆ ತಾಸಿನ ಲೆಕ್ಕದಲ್ಲಿ ಆ ಹೊತ್ತನ್ನೂ ಸೇರಿಸಿಕೊಡಲು ಹೊಲದ ಮಾಲೀಕರು ಒಪ್ಪಬೇಕು.