ಮರಳುವ ದಾರಿ: ರೂಟರ್ ಅಪ್‌ಗ್ರೇಡಿನ ರೂಢಿಯ ವಿಮರ್ಶೆ

ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯ, ದೂರಸಂಪರ್ಕ ಕಂಪನಿ ಮೊದಲಾದ ದೊಡ್ಡ ಸಂಸ್ಥೆಗಳ ಜಾಲದಲ್ಲಿ ಮಾಹಿತಿಯ ಪ್ರತಿಯೊಂದು ಪ್ಯಾಕೆಟ್ಟೂ ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುವ ಯಂತ್ರವೇ ರೂಟರ್. ಸಿಸ್ಕೊದ ಐಒಎಸ್ ಎಕ್ಸ್‌ಇ, ಜುನಿಪರ್‌ನ ಜುನೋಸ್ ಮುಂತಾದವು ಆ ಯಂತ್ರವನ್ನು ನಡೆಸುವ ತಂತ್ರಾಂಶಗಳು. ಈ ತಂತ್ರಾಂಶದ ಹಳೆಯ ಆವೃತ್ತಿಯ ಜಾಗದಲ್ಲಿ ಹೊಸದನ್ನು ಕೂರಿಸುವ ಕೆಲಸಕ್ಕೆ, ಅಂದರೆ ಅಪ್‌ಗ್ರೇಡಿಗೆ, ಒಂದು ಗಟ್ಟಿಯಾದ ರೂಢಿ ಬೆಳೆದುಬಂದಿದೆ. ಬಳಕೆ ಕಡಿಮೆಯಿರುವ ನಡುರಾತ್ರಿಯ ಕೆಲವು ಗಂಟೆಗಳನ್ನು ಮೇಂಟೆನೆನ್ಸ್ ವಿಂಡೋ ಎಂದು ಮೊದಲೇ ಗೊತ್ತುಮಾಡಿ, ಮಾಡಬೇಕಾದ ಪ್ರತಿ ಹೆಜ್ಜೆಯನ್ನೂ ಎಂಒಪಿ ಎಂಬ ದಾಖಲೆಯಲ್ಲಿ ಬರೆದು, ಮೇಲಿನವರ ಒಪ್ಪಿಗೆ ಪಡೆದು, ಹೊಸ ಇಮೇಜನ್ನು, ಅಂದರೆ ತಂತ್ರಾಂಶದ ಇಡೀ ಕಡತವನ್ನು, ರೂಟರ್‌ಗೆ ನಕಲಿಸಿ, ಯಂತ್ರವನ್ನು ರೀಲೋಡ್ ಮಾಡುವುದು, ಅಂದರೆ ನಿಲ್ಲಿಸಿ ಮತ್ತೆ ಚಾಲೂ ಮಾಡುವುದು, ಆ ರೂಢಿ. ಅದನ್ನು ತೂಗಿನೋಡಲು ಎಷ್ಟೋ ಮಾನದಂಡಗಳಿದ್ದರೂ ಕೊನೆಗೆ ಉಳಿಯುವುದು ಒಂದೇ: ಹೊಸ ಆವೃತ್ತಿ ಕೈಕೊಟ್ಟ ಗಳಿಗೆಯಲ್ಲೂ ಜಾಲವನ್ನು ಹಿಂದಿನ ಸ್ಥಿತಿಗೆ ತರುವ ದಾರಿ ತೆರೆದಿರುತ್ತದೆಯೇ?

ರೂಢಿಯ ಮೊದಲರ್ಧ ನಿಜಕ್ಕೂ ಮೆಚ್ಚತಕ್ಕದ್ದು. ನಕಲಿಸಿದ ಇಮೇಜಿನ ಚೆಕ್‌ಸಮ್ಮನ್ನು, ಅಂದರೆ ಕಡತದ ಒಂದೊಂದು ಬಿಟ್‌ನಿಂದಲೂ ಲೆಕ್ಕಹಾಕಿದ ಗುರುತಿನ ಸಂಖ್ಯೆಯನ್ನು, ತಯಾರಕರು ಪ್ರಕಟಿಸಿದ ಸಂಖ್ಯೆಯೊಡನೆ ಹೋಲಿಸುವುದು ಕೆಲವರಿಗೆ ಬರಿಯ ಶಾಸ್ತ್ರವೆನಿಸಬಹುದು; ಆದರೆ ಉಕ್ರೇನ್, ಫಿಲಿಪ್ಪೀನ್ಸ್, ಮೆಕ್ಸಿಕೊ ಮತ್ತು ಭಾರತದಲ್ಲಿದ್ದ 14 ಸಿಸ್ಕೊ ರೂಟರ್‌ಗಳಲ್ಲಿ ಯಾರೋ ತಿದ್ದಿದ ಇಮೇಜು ಕೂತಿದ್ದುದನ್ನು 2015ರ ಸೆಪ್ಟೆಂಬರ್‌ನಲ್ಲಿ ಮ್ಯಾಂಡಿಯಂಟ್ ಎಂಬ ಸೈಬರ್ ಭದ್ರತಾ ಸಂಸ್ಥೆ ಬಯಲಿಗೆ ತಂದ ಮೇಲೆ ಆ ಹೆಜ್ಜೆಯ ಬೆಲೆಯೇನೆಂಬುದು ಸ್ಪಷ್ಟವಾಯಿತು. ರೀಲೋಡಿಗೆ ಮುನ್ನ ರೂಟರ್‌ನಿಂದ ಸಂಚಾರವನ್ನು ಮೆಲ್ಲನೆ ಬೇರೆ ದಾರಿಗೆ ಸರಿಸುವ ಕ್ರಮವೂ ಹಾಗೆಯೇ. ತಾನು ಕೆಲಹೊತ್ತಿನಲ್ಲಿ ಸೇವೆಯಿಂದ ಸರಿಯಲಿರುವುದನ್ನು ರೂಟರ್ ತನ್ನ ನೆರೆಯವಕ್ಕೆ ಮುಂಚಿತವಾಗಿ ತಿಳಿಸುವ ಬಗೆಯನ್ನು ಅಂತರಜಾಲದ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ 2018ರಲ್ಲಿ ಆರ್‌ಎಫ್‌ಸಿ 8326 ಎಂಬ ದಾಖಲೆಯಲ್ಲಿ ಪ್ರಮಾಣೀಕರಿಸಿತು. ಅದನ್ನು ಪಾಲಿಸಿದ ಜಾಲದಲ್ಲಿ, ಪರ್ಯಾಯ ದಾರಿಯೊಂದು ಇದ್ದರೆ, ಅಪ್‌ಗ್ರೇಡ್ ನಡೆದದ್ದು ಬಳಕೆದಾರರ ಗಮನಕ್ಕೇ ಬಾರದಿರುವುದು ಸಾಧ್ಯ.

ದುರ್ಬಲವಾಗಿರುವುದು ಎಂಒಪಿಯ ಕೊನೆಯ ಪುಟಗಳು. ನಕಲಿಸುವ, ರೀಲೋಡ್ ಮಾಡುವ ಆದೇಶಗಳನ್ನು ಅಕ್ಷರಶಃ ಬರೆದಿಡುವ ದಾಖಲೆ ಪರೀಕ್ಷೆಯ ಹಂತಕ್ಕೆ ಬಂದಾಗ ಆವೃತ್ತಿಯ ಸಂಖ್ಯೆ ಬದಲಾಗಿದೆಯೇ, ಪಿಂಗ್‌ಗೆ, ಅಂದರೆ ಯಂತ್ರ ಸಂಪರ್ಕದಲ್ಲಿದೆಯೇ ಎಂದು ವಿಚಾರಿಸುವ ಸಂದೇಶಕ್ಕೆ, ಉತ್ತರ ಬರುತ್ತಿದೆಯೇ ಎಂಬಷ್ಟಕ್ಕೆ ನಿಂತುಬಿಡುವುದುಂಟು. ಎಷ್ಟು ನೆರೆಯ ರೂಟರ್‌ಗಳೊಡನೆ ಸಂಬಂಧವಿತ್ತು, ಅವುಗಳಿಂದ ಎಷ್ಟು ಮಾರ್ಗಗಳು ಕಲಿಕೆಯಾಗಿದ್ದವು, ಮೆಮೊರಿ ಎಷ್ಟು ಬಳಕೆಯಲ್ಲಿತ್ತು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ. ರೋಲ್‌ಬ್ಯಾಕ್ ಎಂಬ ಕಲಮಂತೂ, ಅಂದರೆ ಹಳೆಯ ಸ್ಥಿತಿಗೆ ಮರಳುವ ವಿಧಾನ, ‘ಸಮಸ್ಯೆ ಬಂದರೆ ಹಳೆಯ ಇಮೇಜಿನಿಂದ ಬೂಟ್ ಮಾಡತಕ್ಕದ್ದು’ ಎಂಬ ಒಂದೇ ವಾಕ್ಯದಲ್ಲಿ ಮುಗಿದರೆ, ಆ ಆದೇಶ ಕೊಡಬೇಕಾದವನಿಗೆ ರೂಟರ್ ಆಗ ಕೈಗೆಟುಕುತ್ತದೆಯೇ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಈ ಪ್ರಶ್ನೆಯನ್ನು ಕೇಳದೆ ಬಿಟ್ಟುದರ ಫಲ ಆಸ್ಟ್ರೇಲಿಯಾದ ಆಪ್ಟಸ್ ಕಂಪನಿಯ ಪ್ರಕರಣದಲ್ಲಿ ಎದ್ದು ಕಾಣುತ್ತದೆ. 2023ರ ನವೆಂಬರ್ 8ರ ಬೆಳಗಿನ ಜಾವ ಅದರ ಮಾತೃಸಂಸ್ಥೆಯಾದ ಸಿಂಗ್‌ಟೆಲ್‌ನ ಅಂತರರಾಷ್ಟ್ರೀಯ ಜಾಲದಲ್ಲಿ ಮಾಮೂಲಿನ ತಂತ್ರಾಂಶ ಅಪ್‌ಗ್ರೇಡ್ ನಡೆಯಿತು. ಅದನ್ನು ಹಿಂಬಾಲಿಸಿ ಮಾರ್ಗಗಳ ಮಾಹಿತಿಯಲ್ಲಾದ ಬದಲಾವಣೆಗಳು ಆಪ್ಟಸ್ ಜಾಲದ ಪದರಗಳಲ್ಲಿ ಹರಡಿದವು. ಒಂದು ರೂಟರ್ ಎಷ್ಟು ಮಾರ್ಗಗಳನ್ನು ಸ್ವೀಕರಿಸಬಹುದೆಂಬ ಸುರಕ್ಷತಾ ಮಿತಿ ಮೀರಿದ್ದರಿಂದ, ಜಾಲದ ಅಂಚಿನಲ್ಲಿದ್ದ ಸುಮಾರು 90 ರೂಟರ್‌ಗಳು ತಮ್ಮನ್ನು ತಾವೇ ಮೂಲ ಜಾಲದಿಂದ ಕಡಿದುಕೊಂಡವು. ತಯಾರಕರು ಇಟ್ಟುಕೊಟ್ಟ ಮಿತಿಯೇ ಹಾಗೆಯೇ ಉಳಿದಿತ್ತು. ಅಪ್‌ಗ್ರೇಡ್ ಮೂಲ ಕಾರಣವಲ್ಲ, ಆಪ್ಟಸ್‌ನ ರೂಟರ್‌ಗಳ ಮಿತಿಯೇ ಕಾರಣ ಎಂದು ಸಿಂಗ್‌ಟೆಲ್ ವಾದಿಸಿತು. ವಿಮರ್ಶೆಯ ದೃಷ್ಟಿಯಿಂದ ಆ ವಾದವನ್ನು ಪೂರ್ತಿಯಾಗಿ ಒಪ್ಪಿದರೂ ರೂಢಿಯ ದೋಷ ಕಡಿಮೆಯಾಗದು, ಏಕೆಂದರೆ ಅಪ್‌ಗ್ರೇಡಿನ ಪರೀಕ್ಷೆ ಅಪ್‌ಗ್ರೇಡಾದ ಯಂತ್ರದ ಆಚೆಗೆ, ಅದರ ಮಾತು ಕೇಳುವ ನೆರೆಯ ಜಾಲಗಳತ್ತ ಕಣ್ಣು ಹಾಯಿಸಲಿಲ್ಲ. ಕಡಿದುಕೊಂಡ ರೂಟರ್‌ಗಳನ್ನು ದೂರದಿಂದ ತಲುಪಲಾಗದೆ ಎಂಜಿನಿಯರುಗಳು ಹಲವೆಡೆ ಅವು ಇದ್ದಲ್ಲಿಗೇ ಹೋಗಬೇಕಾಯಿತು. ಸುಮಾರು ಒಂದು ಕೋಟಿ ಗ್ರಾಹಕರ ಸಂಪರ್ಕ ಗಂಟೆಗಟ್ಟಲೆ ಹೋಯಿತು. ತುರ್ತು ಸೇವೆಯ 000 ಸಂಖ್ಯೆಗೆ ಕರೆಮಾಡಿದ 2,145 ಮಂದಿಗೆ ಸಂಪರ್ಕ ಸಿಗಲಿಲ್ಲ. ಆಗ ಬೇಕಿದ್ದುದು ಆಂಬುಲೆನ್ಸ್ ಆಗಿದ್ದರೆ ಎಂದು ಊಹಿಸಿದರೆ ಸಾಕು, ರೋಲ್‌ಬ್ಯಾಕ್ ಕಲಮು ಕಾಗದದ ಮಾತಾಗಿ ಉಳಿಯುವುದಿಲ್ಲ.

ಕೆನಡಾದ ರೋಜರ್ಸ್ ಕಂಪನಿಯ ಜಾಲ 2022ರ ಜುಲೈ 8ರಂದು ಬಿದ್ದುದಕ್ಕೆ ಇಮೇಜಿನ ಬದಲಾವಣೆ ಕಾರಣವಲ್ಲ, ಮೂಲ ಜಾಲದ ಉನ್ನತೀಕರಣದ ಏಳು ಹಂತಗಳಲ್ಲಿ ಆರನೆಯದರಲ್ಲಿ ಮಾರ್ಗಗಳನ್ನು ಸೋಸುವ ನಿಯಮವೊಂದನ್ನು ತೆಗೆದುದು ಕಾರಣ. ಆದರೂ ಅದು ಇಲ್ಲಿ ಪ್ರಸ್ತುತ. ಹಿಂದಿನ ಹಂತಗಳು ತೊಂದರೆಯಿಲ್ಲದೆ ಮುಗಿದುವೆಂಬ ಕಾರಣಕ್ಕೆ ಈ ಹಂತದ ಅಪಾಯದ ಮಟ್ಟವನ್ನು ಕಡಿಮೆಯೆಂದು ಗುರುತಿಸಲಾಗಿತ್ತು. ರೂಟರ್‌ಗಳನ್ನು ನಿರ್ವಹಿಸುವ ಜಾಲವೂ ಅದೇ ಮೂಲ ಜಾಲವನ್ನು ನೆಚ್ಚಿದ್ದರಿಂದ, ಮೂಲ ಜಾಲ ಕುಸಿದಾಗ ದೋಷದ ದಾಖಲೆಗಳನ್ನು ನೋಡುವುದಕ್ಕೂ ಸಿಬ್ಬಂದಿಗೆ ದಾರಿಯಿರಲಿಲ್ಲ. ಮನೆಗೆ ಬೀಗ ಹಾಕಿ ಕೀಲಿಯನ್ನು ಒಳಗೇ ಬಿಟ್ಟಂತಾಯಿತು. ಪ್ರತ್ಯೇಕ ಸಂಪರ್ಕದ ಮೂಲಕ ರೂಟರ್‌ನ ಕನ್ಸೋಲನ್ನು, ಅಂದರೆ ಅದನ್ನು ನೇರವಾಗಿ ನಿಯಂತ್ರಿಸುವ ದ್ವಾರವನ್ನು, ತಲುಪುವ ವ್ಯವಸ್ಥೆಯನ್ನು ಖರ್ಚಿನ ಬಾಬತ್ತೆಂದು ಪಟ್ಟಿಯಿಂದ ಕೈಬಿಡುವ ಸಂಸ್ಥೆಗಳು ಈ ಪ್ರಕರಣವನ್ನು ಓದಲೇಬೇಕು.

ಸೇವೆ ನಿಲ್ಲಿಸದೆಯೇ ತಂತ್ರಾಂಶ ಬದಲಿಸುವ ಐಎಸ್‌ಎಸ್‌ಯು ಎಂಬ ಸೌಲಭ್ಯ ಇದಕ್ಕೆಲ್ಲ ಪರಿಹಾರವೆಂಬ ನಂಬಿಕೆ ಉತ್ಪ್ರೇಕ್ಷೆಯದು. ಎರಡು ನಿಯಂತ್ರಣ ಕಾರ್ಡುಗಳಿರುವ ರೂಟರ್‌ನಲ್ಲಿ ಕಾದಿರುವ ಕಾರ್ಡಿಗೆ ಮೊದಲು ಹೊಸ ಇಮೇಜು ಹಾಕಿ, ಅಧಿಕಾರವನ್ನು ಅದಕ್ಕೆ ವರ್ಗಾಯಿಸುವ ಈ ವಿಧಾನ ತಯಾರಕರು ಹೊಂದಾಣಿಕೆಯಿದೆಯೆಂದು ಹೇಳಿದ ಆವೃತ್ತಿಗಳ ನಡುವೆ ಮಾತ್ರ ನಡೆಯುತ್ತದೆ. ಎರಡು ಬೇರೆ ಆವೃತ್ತಿಗಳು ಕೆಲಹೊತ್ತು ಒಂದೇ ಪೆಟ್ಟಿಗೆಯಲ್ಲಿ ಒಟ್ಟಿಗೆ ಬಾಳಬೇಕಾದ್ದರಿಂದ, ಹಾಗೆ ಬಾಳುವಾಗಿನ ದೋಷಗಳು ಹೊಸದಾಗಿ ಸೇರಿಕೊಳ್ಳುತ್ತವೆ. ಸಂಚಾರವನ್ನು ಸರಿಸಿ, ಇಡೀ ಯಂತ್ರವನ್ನು ರೀಲೋಡ್ ಮಾಡುವ ಹಳೆಯ ಕ್ರಮವೇ ಹೆಚ್ಚು ನಂಬತಕ್ಕದ್ದು. ಇದಕ್ಕಿಂತ ಸದ್ದಿಲ್ಲದ ಇನ್ನೊಂದು ಸೌಲಭ್ಯ ಹೆಚ್ಚಿನ ಮೆಚ್ಚುಗೆಗೆ ಅರ್ಹ: ಐಒಎಸ್ ಎಕ್ಸ್‌ಇಯಲ್ಲಿ ಹೊಸ ಆವೃತ್ತಿಯನ್ನು ಸಕ್ರಿಯಗೊಳಿಸಿದ ಮೇಲೆ ನಿಗದಿತ ಅವಧಿಯೊಳಗೆ, ತಯಾರಕರ ಲೆಕ್ಕದಲ್ಲಿ 120 ನಿಮಿಷದೊಳಗೆ, ಎಂಜಿನಿಯರು ಅದನ್ನು ಖಾಯಂಗೊಳಿಸದಿದ್ದರೆ ರೂಟರ್ ತಾನಾಗಿಯೇ ಹಳೆಯ ಆವೃತ್ತಿಗೆ ಮರಳುತ್ತದೆ. ಎಂಜಿನಿಯರಿನ ಕೈ ತಲುಪದ ಹೊತ್ತಿನಲ್ಲೂ ದಾರಿ ತೆರೆದಿಡುವ ಏರ್ಪಾಡು ಇದು.

ಇಂಥ ಅಪಘಾತಗಳನ್ನು ಕಂಡು ಅಪ್‌ಗ್ರೇಡನ್ನೇ ಮುಂದೂಡುವುದು ಜಾಣತನವೆಂದುಕೊಂಡರೆ ಅದು ದೊಡ್ಡ ತಪ್ಪು. ಸಿಸ್ಕೊ ಸಾಧನಗಳ ಸ್ಮಾರ್ಟ್ ಇನ್‌ಸ್ಟಾಲ್ ಸೌಲಭ್ಯದಲ್ಲಿದ್ದ ಗಂಭೀರ ಲೋಪಕ್ಕೆ 2018ರ ಮಾರ್ಚ್‌ನಲ್ಲೇ ಪರಿಹಾರ ಬಂದಿತ್ತು. ತೇಪೆ ಹಾಕದೆ ಉಳಿದ ಸಾಧನಗಳಲ್ಲಿ ಅದೇ ಲೋಪವನ್ನು ರಷ್ಯಾದ ಗುಪ್ತಚರ ಸಂಸ್ಥೆಯ ನುಸುಳುಕೋರರು ಬಳಸುತ್ತಿದ್ದಾರೆಂದು ಅಮೆರಿಕದ ಎಫ್‌ಬಿಐ 2025ರ ಆಗಸ್ಟ್‌ನಲ್ಲಿ ಎಚ್ಚರಿಸಬೇಕಾಯಿತು. 2023ರ ಅಕ್ಟೋಬರ್ 16ರಂದು ಐಒಎಸ್ ಎಕ್ಸ್‌ಇಯ ವೆಬ್ ನಿರ್ವಹಣಾ ಪುಟದಲ್ಲಿ, ಗುಪ್ತಪದವಿಲ್ಲದೆಯೇ ಪೂರ್ಣಾಧಿಕಾರದ ಖಾತೆ ತೆರೆಯಲು ಬಿಡುವ ಲೋಪ ಪ್ರಕಟವಾದಾಗ ಪರಿಹಾರದ ಆವೃತ್ತಿ ಕೆಲವೇ ದಿನಗಳಲ್ಲಿ ಬಂತು. ನಿಯಮಿತವಾಗಿ ಅಪ್‌ಗ್ರೇಡ್ ಮಾಡುತ್ತಿದ್ದವರಿಗೆ ಅದು ಸಣ್ಣ ಹೆಜ್ಜೆ. ವರ್ಷಗಟ್ಟಲೆ ಮುಂದೂಡಿದವರಿಗೆ ಹಲವು ಆವೃತ್ತಿಗಳನ್ನು ಹಾರಿ ದಾಟಬೇಕಾದ, ಪರೀಕ್ಷೆಗೆ ಬಿಡುವಿಲ್ಲದ ಸಾಹಸ. ಮುಂದೂಡಿಕೆಯಿಂದ ಅಪಾಯ ಕರಗುವುದಿಲ್ಲ, ಶೇಖರವಾಗುತ್ತದೆ.

ಸಿಸ್ಕೊ, ಜುನಿಪರ್‌ಗಳ ದೊಡ್ಡ ಅಭಿವೃದ್ಧಿ ಕೇಂದ್ರಗಳಿರುವ, ಹೊರದೇಶಗಳ ಜಾಲಗಳನ್ನೂ ರಾತ್ರಿ ಪಾಳಿಯಲ್ಲಿ ನೋಡಿಕೊಳ್ಳುವ ಎಂಜಿನಿಯರುಗಳ ಬೆಂಗಳೂರಿಗೆ ಈ ಚರ್ಚೆ ದೂರದ್ದಲ್ಲ. ಎಂಒಪಿಯನ್ನು ಬರೆಯುವವರೂ ಅದಕ್ಕೆ ಅಂಕಿತ ಹಾಕುವವರೂ ಇಲ್ಲಿಯೇ ಸಾಕಷ್ಟು ಮಂದಿ ಇದ್ದಾರೆ. ಒಪ್ಪಿಗೆ ಕೊಡುವ ಅಧಿಕಾರದಲ್ಲಿರುವವರು ಆ ದಾಖಲೆಯನ್ನು ಕೊನೆಯ ಪುಟದಿಂದ ಓದತೊಡಗಲಿ. ರೋಲ್‌ಬ್ಯಾಕನ್ನು ಅದೇ ಮಾದರಿಯ ಒಂದು ರೂಟರ್‌ನಲ್ಲಾದರೂ, ಜಾಲದ ಸಂಪರ್ಕ ಕಡಿದು, ಕನ್ಸೋಲಿನಿಂದ ನಡೆಸಿ ನೋಡಿದ ದಾಖಲೆ ಅಲ್ಲಿಲ್ಲದಿದ್ದರೆ ಎಂಒಪಿಯನ್ನು ಹಿಂದಿರುಗಿಸಲಿ.